ಇಸ್ತ್ರಿಯಮ್ಮನ ಪಾಸ್‌ವರ್ಡ್

ಜೂನ್ 4

ಸಣ್ಣವನೇ,

ಕಾಗದ ನೋಡಿ ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನಣ್ಣ ರೈಲು ಓಡಿಸಿಕೊಂಡು ವಾರದಲ್ಲಿ ನಾಲ್ಕು ದಿನ ಹೊರಗೇ ಇರುತ್ತಾರೆ, ಮನೆಗೆ ಬಂದಾಗ ಎರಡು ದಿನದ ನಿದ್ದೆ ಒಟ್ಟಿಗೆ ಮಾಡುತ್ತಾರೆ. ಫೋನ್ ಮಾಡಬಹುದಿತ್ತು. ಆದರೆ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನೀನು ‘ಅದು ಹಾಗಲ್ಲ ಅತ್ತಿಗೆ’ ಎಂದು ಶುರು ಮಾಡುತ್ತೀಯ, ನನಗೆ ಪಿತ್ತ ನೆತ್ತಿಗೇರುತ್ತದೆ. ಕಾಗದವಾದರೆ ಕೊನೆಯವರೆಗೆ ಓದದೆ ನಿನಗೆ ಬೇರೆ ಗತಿಯಿಲ್ಲ.

ನನ್ನ ಸಂಜೆ ತರಗತಿ ಗೊತ್ತಲ್ಲ. ಶಾಲೆಯ ಮಕ್ಕಳು ಮನೆಗೆ ಹೋದ ಮೇಲೆ, ಆರರಿಂದ ಎಂಟರವರೆಗೆ, ಅದೇ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ದೊಡ್ಡವರಿಗೆ ಓದು ಬರಹ. ಈ ವರ್ಷ ಆರು ಜನ. ನಿನ್ನೆ ಇಮೇಲ್ ಪಾಠ ಶುರು ಮಾಡಿದರೆ ಪರದೆಯ ತುಂಬ ಕೆಂಪು ಹಲಗೆ: ‘ಈ ಪುಟ ವಿದ್ಯಾರ್ಥಿಗಳಿಗೆ ಸೂಕ್ತವಲ್ಲ.’ ಶಾಲೆಗಳ ಇಂಟರ್ನೆಟ್ಟಿಗೆ ಬೇಲಿ ಹಾಕುವ ಕಚೇರಿಯಲ್ಲಿ ಕೂತಿರುವವನು ನೀನು. ಆ ‘ಸೂಕ್ತವಲ್ಲ’ದಲ್ಲಿ ನಿನ್ನದೇ ದನಿ ಕೇಳಿಸಿತು. ನಿಮ್ಮ ಕಚೇರಿಗೆ ದೂರು ಕೊಡುವುದಿದ್ದರೆ ಅದನ್ನೂ ಇಮೇಲಿನಲ್ಲೇ ಕೊಡಬೇಕಂತೆ. ನಕ್ಕು ನಕ್ಕು ಸಾಕಾಯಿತು.

ನಗು ಬಾರದ ವಿಷಯ ಇದು. ನನ್ನ ತರಗತಿಯಲ್ಲಿ ಒಬ್ಬಳಿದ್ದಾಳೆ, ಎಲ್ಲರೂ ಅವಳನ್ನು ಇಸ್ತ್ರಿಯಮ್ಮ ಎನ್ನುತ್ತಾರೆ. ಐವತ್ನಾಲ್ಕು ವರ್ಷ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಆ ಲಾಂಡ್ರಿಯನ್ನು ಈಗ ಹೊಸ ಕಂಪನಿ ವಹಿಸಿಕೊಂಡಿದೆ. ಯಾರಿಗೆ ಯಾವ ಪಾಳಿ ಎನ್ನುವುದು ಇನ್ನು ಇಮೇಲಿನಲ್ಲೇ ಬರುವುದಂತೆ. ಜುಲೈ 24ಕ್ಕೆ ಪರೀಕ್ಷೆ. ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ತನ್ನ ಮೇಲ್ ತಾನೇ ತೆರೆದು, ಬಂದದ್ದನ್ನು ಓದಿ, ಉತ್ತರ ಕಳಿಸಬೇಕು. ಅದು ಬಾರದವರಿಗೆ ಆಗಸ್ಟಿನಿಂದ ಕೆಲಸವಿಲ್ಲ. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ನಿನ್ನ ಬೇಲಿಯಲ್ಲಿ ನಮಗೊಂದು ಗೇಟು ಮಾಡಿಕೊಡು.

ಅತ್ತಿಗೆ


ಜೂನ್ 10

ಅತ್ತಿಗೆಗೆ ನಮಸ್ಕಾರಗಳು.

ಕಾಗದ ಕೊನೆಯವರೆಗೆ ಓದಿದೆ, ಎರಡು ಸಲ. ಅದು ಹಾಗಲ್ಲ ಅತ್ತಿಗೆ.

ನೀವು ಬೇಲಿ ಎನ್ನುವ ಆ ಫಿಲ್ಟರ್ ಮುನ್ನೂರು ಶಾಲೆಗಳದ್ದು. ಕಂಪ್ಯೂಟರ್ ಮುಂದೆ ಕೂತವರು ಎಂಟು ವರ್ಷದವರೋ ಐವತ್ನಾಲ್ಕರವರೋ ಅದಕ್ಕೆ ಗೊತ್ತಾಗುವುದಿಲ್ಲ. ಹೋದ ವರ್ಷ ಒಂದು ಶಾಲೆಯಲ್ಲಿ ಮೇಲ್ ಬಿಟ್ಟಿದ್ದಕ್ಕೆ ಯಾರೋ ಅಪರಿಚಿತರು ಮಕ್ಕಳಿಗೆ ಏನೇನೋ ಬರೆದು ದೊಡ್ಡ ರಂಪವಾಯಿತು. ಅಂದಿನಿಂದ ಬದಲಾವಣೆ ಏನೇ ಇದ್ದರೂ ಮುಖ್ಯೋಪಾಧ್ಯಾಯರ ಸಹಿ, ನಮ್ಮ ಸಾಹೇಬರ ಸಹಿ, ಮೂರು ತಿಂಗಳ ಪರಿಶೀಲನೆ ಬೇಕು. ಅರ್ಜಿ ನಮೂನೆ ಇದರೊಂದಿಗೆ ಇಟ್ಟಿದ್ದೇನೆ.

ನಿಮ್ಮ ಫೋನಿನಲ್ಲೇ ಕಲಿಸಬಹುದಲ್ಲ? ಅಣ್ಣನಿಗೆ ಕೇಳಿದೆನೆಂದು ಹೇಳಿ.


ಜೂನ್ 14

ಸಣ್ಣವನೇ,

ಇವತ್ತು ಹದಿನಾಲ್ಕು, ಪರೀಕ್ಷೆಗೆ ನಲವತ್ತು ದಿನ. ನಿನ್ನ ಪರಿಶೀಲನೆ ಮುಗಿಯುವ ಹೊತ್ತಿಗೆ ಇಸ್ತ್ರಿಯಮ್ಮ ಮನೆಯಲ್ಲಿ ಕೂತಿರುತ್ತಾಳೆ. ಹೆಡ್‌ಮಾಸ್ಟರ್ ನಿನ್ನ ನಮೂನೆಯನ್ನು ಬೆರಳ ತುದಿಯಲ್ಲಿ ಹಿಡಿದು ಓದಿ, “ಇದೆಲ್ಲ ನನ್ನ ತಲೆಗೆ ಬರುತ್ತೆ ಮೇಡಂ, ನಾನು ಸಹಿ ಹಾಕಲ್ಲ” ಎಂದರು. ಪೆನ್ನಿನ ಮುಚ್ಚಳ ಕೂಡ ತೆಗೆಯಲಿಲ್ಲ.

ಫೋನಿನಲ್ಲಿ ಕಲಿಸಿದೆ. ಒಂದೇ ಫೋನ್, ಆರು ಜನ, ಅವರ ಬೆರಳೂ ದಪ್ಪ. ಪರೀಕ್ಷೆಯೋ ಕಂಪ್ಯೂಟರಿನಲ್ಲಿ. ಕೊನೆಗೆ ರಟ್ಟಿನ ಮೇಲೆ ಇಮೇಲ್ ಪುಟ ಬರೆದು ಗೋಡೆಗೆ ಅಂಟಿಸಿದ್ದೇನೆ. ಅವರು ಚೀಟಿಯಲ್ಲಿ ಬರೆದು, ರಟ್ಟಿನ ‘ಕಳಿಸು’ ಗುಂಡಿಯನ್ನು ಒತ್ತುತ್ತಾರೆ. ನಾನು ಎದ್ದು ಹೋಗಿ ಚೀಟಿಯನ್ನು ಪಕ್ಕದ ಬೆಂಚಿಗೆ ತಲುಪಿಸುತ್ತೇನೆ. ಇಸ್ತ್ರಿಯಮ್ಮ ನಿನ್ನೆ ಕೇಳಿದಳು: “ಟೀಚರ್, ಪರೀಕ್ಷೆ ದಿನಾನೂ ನೀವೇ ಹೊತ್ಕೊಂಡು ಹೋಗ್ತೀರಾ?” ಎಲ್ಲರೂ ನಕ್ಕರು.

ನಿನ್ನ ಫಿಲ್ಟರಿಗೆ ವಯಸ್ಸು ತಿಳಿಯುವುದಿಲ್ಲ, ಒಪ್ಪಿದೆ. ಗಡಿಯಾರವಾದರೂ ತಿಳಿಯುತ್ತದಲ್ಲ? ಆರು ಗಂಟೆಯ ಮೇಲೆ ಆ ಕೋಣೆಯಲ್ಲಿ ಒಂದು ಮಗುವೂ ಇರುವುದಿಲ್ಲ.


ಜೂನ್ 20

ಅತ್ತಿಗೆ,

ಈ ಕಾಗದ ಓದಿ ಹರಿದು ಹಾಕಿ.

ಸೋಮವಾರದಿಂದ ಆ ಒಂದು ಕೋಣೆಗೆ, ಆರರಿಂದ ಎಂಟರವರೆಗೆ ಮೇಲ್ ತೆರೆದಿರುತ್ತದೆ. ಇದಕ್ಕೆ ಫೈಲಿಲ್ಲ, ಸಹಿಯಿಲ್ಲ. ನಾನೇ ಮಾಡಿದ್ದೇನೆ. ಜುಲೈ 24ರ ಸಂಜೆ ಮುಚ್ಚುತ್ತೇನೆ.

ಎಂಟರ ಮೇಲೆ ಒಂದು ನಿಮಿಷವೂ ಯಾರೂ ಕೂರಬಾರದು. ನನಗೆ ಫೋನ್ ಮಾಡಬೇಡಿ, ನನ್ನ ಮೇಜಿನ ಸುತ್ತ ನಾಲ್ಕು ಜನರ ಕಿವಿ ಇರುತ್ತದೆ. ಯಾರಿಗೂ ಹೇಳಬೇಡಿ, ಹೆಡ್‌ಮಾಸ್ಟರಿಗಂತೂ ಬೇಡವೇ ಬೇಡ. ಹನ್ನೊಂದು ವರ್ಷದ ನೌಕರಿಯಲ್ಲಿ ನಾನು ಇಂಥ ಕೆಲಸ ಮಾಡಿದ್ದು ಇದೇ ಮೊದಲು.


ಜುಲೈ 2

ನನ್ನ ಬಂಗಾರದಂಥ ಮೈದುನನೇ,

ಆರೂ ಜನಕ್ಕೆ ಆರು ಇಮೇಲ್! ಬೀಗ ರಿಪೇರಿಯವನು ತನ್ನ ವಿಳಾಸವನ್ನು ಅಂಗೈ ಮೇಲೆ ಬರೆದುಕೊಂಡು ಹೋದ. ಇಸ್ತ್ರಿಯಮ್ಮನಿಗೆ ಕಿಟಕಿ ಪಕ್ಕದ ಕಂಪ್ಯೂಟರೇ ಬೇಕು. ಅಲ್ಲಿ ಬೇರೆ ಯಾರಾದರೂ ಕೂತರೆ ಹಿಂದೆ ನಿಂತು ಕೆಮ್ಮುತ್ತಾಳೆ. ಮೊದಲ ಮೇಲನ್ನು ಪಕ್ಕದ ಬೆಂಚಿನ ಅಡುಗೆಯವಳಿಗೆ ಕಳಿಸಿದಳು: ‘ಬಂತಾ?’ ಅವಳ ಉತ್ತರ: ‘ಬಂತು.’ ಇಬ್ಬರೂ ಕೈ ಕೈ ಹಿಡಿದು ಕೂತುಬಿಟ್ಟರು.

ಖಾತೆ ತೆರೆಯುವಾಗ ಫೋನ್ ನಂಬರ್ ಕೇಳಿತು. ಎಲ್ಲರಿಗೂ ನನ್ನದನ್ನೇ ಕೊಟ್ಟೆ. ಪಾಸ್‌ವರ್ಡೂ ನನ್ನ ಡೈರಿಯಲ್ಲಿದೆ. ಅವರಿಗೇಕೆ ಆ ತಲೆಬಿಸಿ, ಮರೆತರೆ ನಾನಿದ್ದೇನಲ್ಲ.

ನೀನು ಹೇಳಿದ್ದೆಲ್ಲ ಅಕ್ಷರಶಃ ಪಾಲಿಸುತ್ತಿದ್ದೇನೆ. ಬಾಯಿಗೆ ಬೀಗ. ಇದು ಕದ್ದು ಮಾಡುವ ಕೆಲಸ ಎಂದು ತರಗತಿಯವರಿಗೂ ಹೇಳಿಲ್ಲ. ಈ ವಯಸ್ಸಿನಲ್ಲಿ ಓದಲು ಬಂದವರನ್ನು ಕಳ್ಳರ ಹಾಗೆ ಕೂರಿಸುವುದು ಬೇಡವೆನಿಸಿತು. ಈ ವಾರದ ಅಭ್ಯಾಸ: ನಿಮಗೆ ಉಪಕಾರ ಮಾಡಿದ ಒಬ್ಬರಿಗೆ ನಾಲ್ಕು ಸಾಲು ಬರೆಯಿರಿ. ನಿನಗೇ ಬರೆಯಿಸಬೇಕಿತ್ತು, ಏನು ಮಾಡಲಿ!


ಜುಲೈ 9

ಅತ್ತಿಗೆ,

ಎರಡೇ ಸಾಲು. ತರಗತಿಯ ವಿಷಯ ಯಾರ ಕಿವಿಗಾದರೂ ಬಿದ್ದಿದೆಯಾ? ಇದ್ದದ್ದು ಇದ್ದ ಹಾಗೆ ತಿಳಿಸಿ. ಇಲ್ಲಿ ಎಲ್ಲ ಸರಿಯಾಗಿದೆ, ಸುಮ್ಮನೆ ಕೇಳಿದೆ.


ಜುಲೈ 12

ಯಾರ ಕಿವಿಗೂ ನಾನು ಹಾಕಿಲ್ಲ.

ನೀನು ‘ಎಲ್ಲ ಸರಿಯಾಗಿದೆ’ ಎಂದು ಬರೆದ ಕಾಗದ ನಿನ್ನೆ ಮಧ್ಯಾಹ್ನ ಬಂತು. ನಿನ್ನೆ ಸಂಜೆ ಆರಕ್ಕೆ ಕಂಪ್ಯೂಟರ್ ಹಾಕಿದರೆ ಅದೇ ಕೆಂಪು ಹಲಗೆ. ಪರೀಕ್ಷೆಗೆ ಹನ್ನೆರಡು ದಿನ ಇರುವಾಗ! 24ರವರೆಗೆ ಎಂದು ಮಾತು ಕೊಟ್ಟವನು ಒಂದು ಮಾತು ಹೇಳದೆ ಮುಚ್ಚಿದೆ. ಯಾರೋ ಜೋರಾಗಿ ಕೆಮ್ಮಿರಬೇಕು, ನೀನು ಹೆದರಿ ಕೈ ತೊಳೆದುಕೊಂಡೆ. ಚಿಕ್ಕಂದಿನಿಂದ ನಿನ್ನ ಬುದ್ಧಿ ಇಷ್ಟೇ, ದೊಡ್ಡ ದನಿ ಕೇಳಿದರೆ ಬಾಗಿಲ ಹಿಂದೆ.

ನೀನು ಓದುವಾಗ ಆರು ವರ್ಷ ನನ್ನ ಮನೆಯಲ್ಲಿದ್ದೆ. ಆರು ವರ್ಷ ಅನ್ನ ಹಾಕಿದ್ದೇನೆ. ನಿನ್ನಿಂದ ಕೇಳಿದ್ದು ದಿನಕ್ಕೆ ಎರಡು ಗಂಟೆ, ಅದೂ ಆರು ವಾರ. ಅದೂ ನಿನ್ನ ಕೈಲಾಗಲಿಲ್ಲ.

ಇಸ್ತ್ರಿಯಮ್ಮ ಕಂಪ್ಯೂಟರಿನ ಹೊದಿಕೆಯನ್ನು ಮಡಿಕೆ ಬಾರದ ಹಾಗೆ ಹೊದಿಸಿ ಎದ್ದುಹೋದಳು.


ಜುಲೈ 16

ಅತ್ತಿಗೆಗೆ,

ಮುಚ್ಚಿದವನು ನಾನಲ್ಲ. 8ನೇ ತಾರೀಕು ನಿಮ್ಮ ಹೆಡ್‌ಮಾಸ್ಟರ್ ತಮಗೆ ಬಂದ ಒಂದು ಮೇಲನ್ನು ನಮ್ಮ ಸಾಹೇಬರಿಗೆ ಕಳಿಸಿ, ಇದಕ್ಕೆ ಅನುಮತಿ ಕೊಟ್ಟವರು ಯಾರು ಎಂದು ಕೇಳಿದರು. ಅದರ ಪ್ರತಿ ನನ್ನ ಮುಂದಿದೆ. ‘ಹೆಡ್‌ಮಾಸ್ಟರ್ ಸಾಹೇಬರಿಗೆ ನಮಸ್ಕಾರ. ನಿಮ್ಮ ಶಾಲೆಯಲ್ಲಿ ದಿನಾ ಸಂಜೆ ಇಮೇಲ್ ಕಲಿಯುತ್ತಿದ್ದೇನೆ. ಇದು ನನ್ನ ಎರಡನೇ ಇಮೇಲ್. ನಿಮ್ಮ ಉಪಕಾರ ಮರೆಯುವುದಿಲ್ಲ.’ ಕೆಳಗೆ ಇಸ್ತ್ರಿಯಮ್ಮನ ಹೆಸರು. ಉಪಕಾರ ಮಾಡಿದವರಿಗೆ ಬರೆಯಿರಿ ಎಂದಿದ್ದಿರಲ್ಲ, ಅವರು ಬರೆದಿದ್ದಾರೆ. ನಿಮಗೆ ಇದು ಗೊತ್ತಿತ್ತೋ ಇಲ್ಲವೋ ತಿಳಿಯದು. ಗೊತ್ತಿದ್ದೂ ‘ನಾನು ಹಾಕಿಲ್ಲ’ ಎಂದು ಬರೆದಿದ್ದರೆ ನನಗೆ ಬೇಸರವಿದೆ.

ನಾನೂ ಬಚ್ಚಿಟ್ಟೆ. ಒಂಬತ್ತರಂದೇ ನನಗೆ ನೋಟಿಸು ಬಂದಿತ್ತು. ಪರೀಕ್ಷೆ ಮುಗಿಯುವವರೆಗೆ ಹೇಗಾದರೂ ತಳ್ಳೋಣವೆಂದುಕೊಂಡೆ, ಆಗಲಿಲ್ಲ. ನನ್ನನ್ನು ಮೇಜಿನಿಂದ ಎಬ್ಬಿಸಿ ಕೇಬಲ್ ಗೋದಾಮಿಗೆ ಹಾಕಿದ್ದಾರೆ. 24ರಂದೇ, ಹನ್ನೊಂದು ಗಂಟೆಗೆ, ನನ್ನ ವಿಚಾರಣೆ. ತೆರೆಯಲು ಹೇಳಿದವರು ಯಾರು ಎಂದು ಕೇಳುತ್ತಾರೆ. ಹೇಳುವುದಿಲ್ಲ. ಆರು ವರ್ಷದ ಅನ್ನದ ಮಾತು ಓದಿದೆ. ಅದಕ್ಕಾಗಿ ಹೇಳದಿರುವುದಲ್ಲ.

ಇನ್ನೊಂದು, ಎಲ್ಲಕ್ಕಿಂತ ಮುಖ್ಯ, ದಯವಿಟ್ಟು ಗಮನ ಕೊಡಿ. ಎಲ್ಲರಿಗೂ ನಿಮ್ಮ ನಂಬರ್ ಕೊಟ್ಟೆ ಎಂದಿದ್ದಿರಿ. ಇಸ್ತ್ರಿಯಮ್ಮ ಇಷ್ಟು ದಿನ ಒಂದೇ ಕಂಪ್ಯೂಟರಿನಲ್ಲಿ ಕೂತಿದ್ದರಿಂದ ತೊಂದರೆಯಾಗಿಲ್ಲ. ಹೊಸ ಕಂಪ್ಯೂಟರಿನಲ್ಲಿ ಮೇಲ್ ತೆರೆದರೆ ಪಾಸ್‌ವರ್ಡ್ ಸಾಲದು, ಫೋನಿಗೆ ಓಟಿಪಿ ಕಳಿಸಿ ಆ ಆರಂಕಿ ಹಾಕು ಎನ್ನುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಅದು ನಿಮ್ಮ ಫೋನಿಗೆ ಬಂದರೆ ಅವರ ಗತಿ? 24ರೊಳಗೆ ಅವರ ಸ್ವಂತ ನಂಬರಿಗೆ ಬದಲಾಯಿಸಿ. ಬಟನ್ ಫೋನಾದರೂ ನಡೆಯುತ್ತದೆ. ಹತ್ತು ನಿಮಿಷದ ಕೆಲಸ.


ಜುಲೈ 20

ನಿನ್ನ ಕಾಗದ ನಿನ್ನೆ ಬಂತು. ಒಡೆದಿಲ್ಲ, ಕಪಾಟಿನ ಮೇಲಿಟ್ಟಿದ್ದೇನೆ. ನಿನ್ನ ಸಬೂಬು ಓದಿ ಕಣ್ಣೀರು ಹಾಕುವಷ್ಟು ಪುರುಸೊತ್ತು ನನಗೀಗ ಇಲ್ಲ. 24 ಕಳೆಯಲಿ, ಆಮೇಲೆ ಓದುತ್ತೇನೆ. ಮೊನ್ನೆ ನೀನು ಫೋನ್ ಬೇರೆ ಮಾಡಿದ್ದೆ. ನಿನ್ನ ನಂಬರನ್ನೂ ಬ್ಲಾಕ್ ಮಾಡಿದ್ದೇನೆ. ಬೇಲಿ ಹಾಕಲು ನಿನಗೊಬ್ಬನಿಗೇ ಬರುವುದೆಂದು ತಿಳಿಯಬೇಡ.

ರಟ್ಟಿನ ಮೇಲೆ ದಿನಕ್ಕೆ ಇಪ್ಪತ್ತು ಸಲ ಮಾಡಿಸುತ್ತಿದ್ದೇನೆ. ಆಗಾಗ ನನ್ನ ಫೋನಿನಲ್ಲೂ ತೆರೆದು ತೋರಿಸುತ್ತೇನೆ, ಒಂದೇ ಏಟಿಗೆ ತೆರೆಯುತ್ತದೆ. ಇಸ್ತ್ರಿಯಮ್ಮ ಪಾಸ್‌ವರ್ಡನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾಳೆ. ನೀನಿಲ್ಲದೆಯೂ ನಡೆಯುತ್ತದೆ.


ಜುಲೈ 23

ಅತ್ತಿಗೆ, ಆ ಕಾಗದ ಒಡೆಯಿರಿ!

ಇದು ನಿಮಗೆ ತಲುಪುವಷ್ಟರಲ್ಲಿ ತಡವಾಗಿರುತ್ತದೆ ಎಂದು ಗೊತ್ತು, ಬರೆಯದೆ ಇರಲು ಆಗುತ್ತಿಲ್ಲ. ನಿಮ್ಮ ಕಾಗದ ಈಗಷ್ಟೇ ಬಂತು. ನಿಮ್ಮ ಫೋನು ನನ್ನನ್ನು ಒಳಗೆ ಬಿಡುತ್ತಿಲ್ಲ. ಗೋದಾಮಿನ ಕಾವಲಿನವರ ಫೋನಿನಿಂದ ಮಾಡಿದೆ, ಅಪರಿಚಿತ ನಂಬರೆಂದು ನೀವು ಎತ್ತಲಿಲ್ಲ. ಅಣ್ಣ ಡ್ಯೂಟಿಯಲ್ಲಿದ್ದಾನೆ, ಫೋನ್ ಆಫ್. ಶಾಲೆಗೆ ಮಾಡಿದರೆ ಹೆಡ್‌ಮಾಸ್ಟರ್, “ಸಂಜೆ ತರಗತಿಗೂ ನನಗೂ ಸಂಬಂಧ ಇಲ್ಲ, ಲಿಖಿತವಾಗಿ ಕಳ್ಸಿ” ಎಂದು ಇಟ್ಟುಬಿಟ್ಟರು. ಹೊರಟು ಬರೋಣವೆಂದರೆ ನಾಳೆ ಹನ್ನೊಂದಕ್ಕೆ ವಿಚಾರಣೆ.

ಇಸ್ತ್ರಿಯಮ್ಮನ ಇಮೇಲ್ ವಿಳಾಸ ನನ್ನ ಹತ್ತಿರ ಇದೆ. ಅಲ್ಲಿಗೂ ಬರೆದೆ: ಟೀಚರಿಗೆ ಹೇಳಿ, ನಂಬರ್ ಬದಲಿಸಲು ಹೇಳಿ. ಅವರು ಅದನ್ನು ತೆರೆಯಬೇಕಲ್ಲ!


ಜುಲೈ 25

ಸಣ್ಣವನೇ,

ನಿನ್ನ 16ರ ಕಾಗದವನ್ನು ನಿನ್ನೆ ಮಧ್ಯಾಹ್ನ ಹನ್ನೆರಡೂವರೆಗೆ ಒಡೆದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಡುವೆ ಬಾಯಿ ಹಾಕಬೇಡ.

ನಿನ್ನೆ ಬೆಳಿಗ್ಗೆ ಇಸ್ತ್ರಿಯಮ್ಮನ ಜೊತೆ ಆಸ್ಪತ್ರೆಯವರೆಗೆ ಹೋದೆ. ಗೇಟಿನಲ್ಲಿ ಎಲ್ಲರ ಫೋನನ್ನೂ ಬುಟ್ಟಿಗೆ ಹಾಕಿಸಿಕೊಂಡು ಒಳಗೆ ಬಿಟ್ಟರು. ನಾನು ಹೊರಗೆ ಕಲ್ಲುಬೆಂಚಿನ ಮೇಲೆ ಕೂತೆ. ಹತ್ತು ಇಪ್ಪತ್ತಕ್ಕೆ ನನ್ನ ಫೋನು ಒಮ್ಮೆ ನಡುಗಿತು. ಆರು ಅಂಕಿ. ಯಾರಿಗೂ ಹೇಳಬೇಡಿ ಎಂದು ಕೆಳಗೆ ಬರೆದಿತ್ತು. ಅವಳಿಗೆ ಬೇಕಾದ ಅಂಕಿ ನನ್ನ ಫೋನಿಗೆ ಬಂದಿದೆ ಎಂದು ಓದಿದ ತಕ್ಷಣ ಅರ್ಥವಾಯಿತು. ಗೇಟಿಗೆ ಓಡಿದೆ.

“ಒಳಗೆ ಒಬ್ಬರಿಗೆ ಆರಂಕಿ ಹೇಳಿ ಬಂದುಬಿಡ್ತೀನಿ, ಒಂದೇ ನಿಮಿಷ.”

“ಹೊರಗಿನಿಂದ ಬಂದು ಉತ್ತರ ಹೇಳಿಕೊಡೋದಕ್ಕೆ ಏನಂತಾರೆ ಅಮ್ಮ?” ಎಂದ ಗೇಟಿನವನು.

“ಇದು ಉತ್ತರ ಅಲ್ಲಪ್ಪ, ಬೀಗದ ಕೈ!”

“ಪರೀಕ್ಷೆ ಬರೆಯೋರ ಬೀಗದ ಕೈ ನಿಮ್ಮತ್ರ ಯಾಕಿದೆ?”

ಕೈ ಮುಗಿದೆ, ಕೂಗಾಡಿದೆ, ಅವನು ಅಲ್ಲಾಡಲಿಲ್ಲ. ಫೋನು ಎರಡನೇ ಸಲ ನಡುಗಿತು, ಬೇರೆ ಆರಂಕಿ. ಐದು ನಿಮಿಷ ಬಿಟ್ಟು ಮೂರನೆಯದು. ಅವಳು ಒಳಗೆ ಎಷ್ಟು ಸಲ ಪ್ರಯತ್ನ ಪಡುತ್ತಿದ್ದಾಳೆಂದು ನನಗೆ ಹೊರಗೆ ಎಣಿಸಲು ಆಗುತ್ತಿತ್ತು. ಆಮೇಲೆ ಬರುವುದು ನಿಂತಿತು.

ಹನ್ನೊಂದಕ್ಕೆ ಹೊರಗೆ ಬಂದಳು. ಅಳಲಿಲ್ಲ, ಬೈಯಲಿಲ್ಲ. “ಪಾಸ್‌ವರ್ಡ್ ಸರಿಯಾಗೇ ಹಾಕ್ದೆ ಟೀಚರ್. ಫೋನಿಗೆ ನಂಬರ್ ಕಳ್ಸಿದೀವಿ ಅಂತು. ನನ್ನ ಫೋನ್ ಬುಟ್ಟಿಯಿಂದ ತರಿಸಿ ನೋಡಿದ್ರು, ಅದರಲ್ಲಿ ಏನೂ ಇರ್ಲಿಲ್ಲ. ಮತ್ತೆ ಎಲ್ಲಿಗೆ ಬಂತಮ್ಮ ಅಂದ್ರು. ನನ್ನ ಮೇಲ್ ನನ್ನ ಟೀಚರ್ ಹತ್ರ ಇರುತ್ತೆ ಅಂದೆ. ಪಕ್ಕದಲ್ಲಿ ಕೂತಿದ್ದೋರು ನಕ್ಕುಬಿಟ್ರು.”

ಇಷ್ಟು ಹೇಳಿ ಬಸ್ಸಿಗೆ ಹೋದಳು. ನಾನು ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಕಪಾಟಿನ ಮೇಲಿನ ನಿನ್ನ ಕಾಗದ ತೆಗೆದೆ. ಹತ್ತು ನಿಮಿಷದ ಕೆಲಸ ಎಂದು ಬರೆದಿದ್ದೀಯ. ಐದು ದಿನ ಅದು ನನ್ನ ತಲೆಯ ಮೇಲೇ ಇತ್ತು.

ಇಸ್ತ್ರಿಯಮ್ಮ ಹೆಡ್‌ಮಾಸ್ಟರಿಗೆ ಕಳಿಸಿದ ಇಮೇಲಿನ ವಿಷಯ ನನಗೆ ಹತ್ತನೇ ತಾರೀಕೇ ಗೊತ್ತಿತ್ತು. ಅವರೇ ಕರೆದು ತೋರಿಸಿದ್ದರು. ನಾನು ಯಾರಿಗೂ ಹೇಳಿಲ್ಲ ಎಂದು ನಿನಗೆ ಬರೆದದ್ದು ಹಸಿ ಸುಳ್ಳಲ್ಲದಿದ್ದರೂ ಸುಳ್ಳೇ. ಅನ್ನದ ಮಾತನ್ನು ಆಡಬಾರದಿತ್ತು. ನಾಚಿಕೆಯಾಗಿದೆ. ನಿನ್ನ ವಿಚಾರಣೆ ಏನಾಯಿತು?


ಆಗಸ್ಟ್ 1

ಅತ್ತಿಗೆ,

ನಾನೇ ತೆರೆದೆ ಎಂದೆ. ಕೇಳಿದವರ ಹೆಸರು ಹೇಳಲಿಲ್ಲ. ಒಂದು ವರ್ಷ ಗೋದಾಮು. ಇಲ್ಲಿ ಕೇಬಲ್ ಸುರುಳಿ ಎಣಿಸುವುದೇ ಕೆಲಸ, ಯಾವುದನ್ನೂ ಮುಚ್ಚುವ ಪಾಪ ಇಲ್ಲ.

ಅನ್ನದ ಮಾತು ನೋಯಿಸಿತು. ಈಗಲೂ ನೋಯುತ್ತಿದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಸ್ವಲ್ಪ ದಿನ ಹೋಗಲಿ. ನಂಬರ್ ಬದಲಾಯಿಸಿದಿರಾ? ಇಸ್ತ್ರಿಯಮ್ಮ ಹೇಗಿದ್ದಾರೆ?


ಆಗಸ್ಟ್ 6

ಸಣ್ಣವನೇ,

ಮೊದಲು ಇದು: ಕೇಳಿದವಳು ನಾನು ಎಂದು ನಿನ್ನ ಸಾಹೇಬರಿಗೆ ನನ್ನ ಹೆಸರು, ವಿಳಾಸ ಹಾಕಿ ಬರೆದಿದ್ದೇನೆ, ರಿಜಿಸ್ಟರ್ಡ್ ಅಂಚೆಯಲ್ಲಿ. ಬೇಡವೆನ್ನಬೇಡ, ಆಗಲೇ ಹೋಗಿದೆ. ನಿನ್ನ ನೋವು ಹೋಗುವ ತನಕ ಕಾಯುತ್ತೇನೆ.

ಇಸ್ತ್ರಿಯಮ್ಮ ಹತ್ತು ದಿನ ತರಗತಿಗೆ ಬರಲಿಲ್ಲ. ನಿನ್ನೆ ಮಧ್ಯಾಹ್ನ ನಮ್ಮ ಮನೆ ಬಾಗಿಲಿಗೆ ಬಂದರು. ಲಾಂಡ್ರಿಯ ಗೋಡೆಗೆ ಕಂಪನಿ ನೋಟಿಸು ಅಂಟಿಸಿದೆಯಂತೆ: ಪರೀಕ್ಷೆಯಲ್ಲಿ ಆಗದವರು ಇನ್ನೊಂದು ಅವಕಾಶ ಬೇಕಿದ್ದರೆ 8ನೇ ತಾರೀಕಿನೊಳಗೆ ತಮ್ಮ ಸ್ವಂತ ಇಮೇಲಿನಿಂದ ಬರೆದು ಕೇಳಬೇಕು. “ನಂಬರ್ ಬದಲಾಯಿಸ್ಬೇಕು, ಬನ್ನಿ” ಎಂದರು. ಒಳಗೆ ಕೂರಿ ಎಂದರೂ ಕೂರಲಿಲ್ಲ. ಸಂತೆ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಒಂದು ಕಂಪ್ಯೂಟರಿದೆ, ಅಲ್ಲಿಗೆ ಹೋದೆವು.

ನನ್ನ ಫೋನಿಗೆ ಕೊನೆಯ ಸಲ ಆರಂಕಿ ಬಂತು. ಓದಿ ಹೇಳಿದೆ. ಅವರು ತಮ್ಮ ಬಟನ್ ಫೋನಿನ ನಂಬರನ್ನು ಒಂದೊಂದೇ ಒತ್ತಿ ಹಾಕಿದರು. ಅದರಲ್ಲಿ ಟಿಂಗ್ ಎಂದಾಗ ಇಬ್ಬರೂ ಒಟ್ಟಿಗೆ ಬಗ್ಗಿ ನೋಡಿದೆವು. ಆಮೇಲೆ ಅವರು ನನ್ನ ಕಡೆ ತಿರುಗಿದರು.

“ಟೀಚರ್, ಬೇಜಾರು ಮಾಡ್ಕೋಬೇಡಿ. ಪಾಸ್‌ವರ್ಡ್ ಹೊಸದು ಹಾಕ್ತೀನಿ. ನೀವು ಸ್ವಲ್ಪ ಆ ಕಡೆ ತಿರುಗಿ ನಿಂತ್ಕೊಳ್ಳಿ.”

ತಿರುಗಿ ನಿಂತೆ. ಅಂಗಡಿಯ ಗೋಡೆಯ ಮೇಲೆ ಮದುವೆ ಕಾರ್ಡಿನ ಮಾದರಿಗಳಿದ್ದವು, ಒಂದೂ ಬಿಡದೆ ಓದಿದೆ. ಪಾಸ್‌ವರ್ಡಿಗೆ ಎರಡು ನಿಮಿಷ ಸಾಕು. ಅವರು ನನ್ನನ್ನು ತಿರುಗಲು ಹೇಳಲಿಲ್ಲ. ಬೆನ್ನ ಹಿಂದೆ ಒಂದೊಂದೇ ಅಕ್ಷರ ಒತ್ತುವ ಸದ್ದು. ನಡುವೆ ನಿಲ್ಲುತ್ತಿತ್ತು. ಯಾವ ಅಕ್ಷರಕ್ಕೆ ತಡಕಾಡುತ್ತಿದ್ದಾರೋ ಎಂದು ನನ್ನ ಕೈ ತುರಿಸುತ್ತಿತ್ತು. ಬಾಯಿಗೆ ಬಂದ ಮಾತನ್ನು ನಾಲ್ಕು ಸಲ ನುಂಗಿದೆ. ಮುಕ್ಕಾಲು ಗಂಟೆ ನಿಂತಿದ್ದೆ.

“ಆಯ್ತು, ಕಳ್ಸ್ದೆ” ಎಂದರು. ನಾನು ತಿರುಗುವಷ್ಟರಲ್ಲಿ ಪುಟ ಮುಚ್ಚಿದ್ದರು. ಏನು ಬರೆದರು, ಎಷ್ಟು ತಪ್ಪಿತ್ತು, ನನಗೆ ಗೊತ್ತಿಲ್ಲ. ಕೇಳಲಿಲ್ಲ. ಉತ್ತರ ಬಂದರೆ ಅವರಿಗೆ ಬರುತ್ತದೆ.

ಅತ್ತಿಗೆ